ಸನ್ಹೇರೀಬನ ದಂಡಯಾತ್ರೆ, ಬೆಳಗಿನ ಐದೂವರೆಯ ತರಗತಿ

ಕ್ರಿ.ಪೂ. 701ರಲ್ಲಿ ಅಸ್ಸೀರಿಯದ ದೊರೆ ಸನ್ಹೇರೀಬ ಯೆಹೂದ ನಾಡಿನ ಮೇಲೆ ದಂಡೆತ್ತಿ ಬಂದ. ಹಳೆಯ ಒಡಂಬಡಿಕೆಯಲ್ಲಿ ಅರಸುಗಳ ಎರಡನೆಯ ಭಾಗ ಈ ಕತೆ ಹೇಳುತ್ತದೆ, ಯೆಶಾಯನ ಪುಸ್ತಕವೂ ಹೇಳುತ್ತದೆ. ಸನ್ಹೇರೀಬ ಸುಮ್ಮನಿರಲಿಲ್ಲ. ತನ್ನ ಕಡೆಯ ವರದಿಯನ್ನು ಆರು ಮುಖದ ಜೇಡಿಮಣ್ಣಿನ ಪಟ್ಟಕಗಳ ಮೇಲೆ ಬರೆಸಿಟ್ಟ. ಅಂಥದೊಂದು 1830ರಲ್ಲಿ ನಿನೆವೆಯಲ್ಲಿ ಸಿಕ್ಕಿ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 46 ಕೋಟೆಯೂರುಗಳನ್ನು ಹಿಡಿದೆ, ಯೆಹೂದದ ಅರಸ ಹಿಜ್ಕೀಯನನ್ನು ಅವನ ರಾಜಧಾನಿ ಯೆರೂಸಲೇಮಿನಲ್ಲೇ ಕೂಡಿಹಾಕಿದೆ ಎಂದು ಅದರಲ್ಲಿ ಜಂಬ ಕೊಚ್ಚಿಕೊಳ್ಳುತ್ತಾನೆ. ಯೆರೂಸಲೇಮನ್ನು ಗೆದ್ದೆ ಎಂದು ಮಾತ್ರ ಎಲ್ಲೂ ಹೇಳುವುದಿಲ್ಲ. ಹಿಜ್ಕೀಯ ಕೊಟ್ಟ ಕಪ್ಪದ ಲೆಕ್ಕ, ತಲಾಂತು ಎಂಬ ತೂಕದಲ್ಲಿ, ಬೈಬಲಿನಲ್ಲಿ 30 ತಲಾಂತು ಚಿನ್ನ, 300 ತಲಾಂತು ಬೆಳ್ಳಿ. ಪಟ್ಟಕದಲ್ಲಿ ಚಿನ್ನ ಅದೇ 30, ಬೆಳ್ಳಿ ಮಾತ್ರ 800.

ಇನ್ನೆರಡು ಸಾಕ್ಷಿಗಳಿವೆ. ಲಾಕೀಷು ಪಟ್ಟಣದ ಮುತ್ತಿಗೆಯನ್ನು ಸನ್ಹೇರೀಬ ತನ್ನ ನಿನೆವೆಯ ಅರಮನೆಯ ಗೋಡೆಯ ಮೇಲೆ ಕೆತ್ತಿಸಿದ. ಆ ಕಲ್ಲುಗಳೂ ಲಂಡನ್ನಿನಲ್ಲಿವೆ. ಲಾಕೀಷಿನ ದಿಬ್ಬದಲ್ಲಿ ಪುರಾತತ್ತ್ವಜ್ಞ ಡೇವಿಡ್ ಉಸಿಶ್ಕಿನ್ ತಂಡ ಅಗೆದಾಗ ಅಸ್ಸೀರಿಯದ ಸೈನಿಕರು ಗೋಡೆ ಹತ್ತಲು ಪೇರಿಸಿದ ಕಲ್ಲಿನ ಇಳಿಜಾರು ಸ್ಪಷ್ಟವಾಗಿ ಹೊರಬಂತು. ಒಂದು ಯುದ್ಧ, ಸೋತವನ ಮಾತು, ಗೆದ್ದವನ ಮಾತು, ಶಿಲ್ಪಿಯ ಚಿತ್ರ, ಮಣ್ಣಿನ ಸಾಕ್ಷ್ಯ. ನಾಲ್ಕೂ ಒಂದಕ್ಕೊಂದು ಒಪ್ಪುವ ಜಾಗಗಳಿವೆ, ಒಪ್ಪದ ಜಾಗಗಳೂ ಇವೆ. ಪ್ರಶಸ್ತಿ ಶಾಸನಗಳನ್ನು ಓದಿ ಬಲ್ಲ ಕನ್ನಡದ ಇತಿಹಾಸ ವಿದ್ಯಾರ್ಥಿಗೆ ಇಂಥ ಜಗಳ ಹೊಸದಲ್ಲ. ರಾಜ ಯಾವುದನ್ನು ಬರೆಸಿದ ಎನ್ನುವಷ್ಟೇ ಯಾವುದನ್ನು ಬರೆಸಲಿಲ್ಲ ಎಂಬುದೂ ಮುಖ್ಯ ಎಂದು ಅವನಿಗೆ ಗೊತ್ತು.

ಬೈಬಲಿನ ಇತಿಹಾಸ, ಭಾಷೆ, ಪುರಾತತ್ತ್ವ ಎಂಬ ಮೂರನ್ನೂ ಒಟ್ಟಿಗೆ ಕಲಿಸುವ ಸ್ನಾತಕೋತ್ತರ ತರಗತಿಯ ಕೆಲಸ ಇದೇ: ಈ ಸಾಕ್ಷಿಗಳನ್ನು ಒಂದೇ ಮೇಜಿನ ಮೇಲೆ ತಂದು ಅಡ್ಡಪ್ರಶ್ನೆ ಮಾಡಿಸುವುದು. ಹಿಂದೆ ಇದಕ್ಕೆ ಯೆರೂಸಲೇಮಿಗೋ ಅಮೆರಿಕಕ್ಕೋ ಯುರೋಪಿಗೋ ಹೋಗಬೇಕಿತ್ತು. ಕೋವಿಡ್ ಬಂದ ಮೇಲೆ ಅನೇಕ ಸಂಸ್ಥೆಗಳು ತರಗತಿಯನ್ನೇ ನೇರಪ್ರಸಾರಕ್ಕೆ ತಂದವು. ಕೋವಿಡ್ ಹೋದರೂ ಆ ಏರ್ಪಾಡು ಉಳಿಯಿತು. ಹುಬ್ಬಳ್ಳಿಯ ಪಾದ್ರಿ, ಕಲಬುರಗಿಯ ಇತಿಹಾಸ ಉಪನ್ಯಾಸಕಿ, ದುಬೈಯಲ್ಲಿ ಕೆಲಸದಲ್ಲಿರುವ ಮಂಗಳೂರಿನವರು, ಯಾರೇ ಆದರೂ ಈಗ ಲ್ಯಾಪ್‌ಟಾಪ್ ತೆರೆದು ಕೂರಬಹುದು. ಆದರೆ ಕೂರುವ ಮುಂಚೆ ಕೆಲವು ಸಂಗತಿಗಳನ್ನು ತಿಳಿದಿರಬೇಕು.

ಹಣ ಯಾತಕ್ಕೆ ಕೊಡುತ್ತಿದ್ದೀರಿ?

ಉಪನ್ಯಾಸ ಕೇಳುವುದಷ್ಟೇ ಉದ್ದೇಶವಾದರೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಕಿಲ್ಲ. ಯೇಲ್ ವಿಶ್ವವಿದ್ಯಾಲಯದ ಕ್ರಿಸ್ಟೀನ್ ಹೇಯ್ಸ್ ಅವರ ಹಳೆಯ ಒಡಂಬಡಿಕೆಯ ಪೂರ್ತಿ ಪಾಠಗಳು, ಡೇಲ್ ಮಾರ್ಟಿನ್ ಅವರ ಹೊಸ ಒಡಂಬಡಿಕೆಯ ಪಾಠಗಳು ವರ್ಷಗಳಿಂದ ಯೂಟ್ಯೂಬಿನಲ್ಲಿವೆ. ಟೆಲ್ ಅವೀವ್ ವಿಶ್ವವಿದ್ಯಾಲಯದ ಓಡೆಡ್ ಲಿಪ್ಶಿಟ್ಸ್ ಯೆರೂಸಲೇಮಿನ ಪತನ ಮತ್ತು ಪುನರುತ್ಥಾನದ ಬಗ್ಗೆ ಕೋರ್ಸೆರಾದಲ್ಲಿ ಕಲಿಸಿದ್ದಾರೆ. ಮೃತ ಸಮುದ್ರದ ಸುರುಳಿಗಳ ಚಿತ್ರಗಳನ್ನು ಇಸ್ರೇಲಿನ ಪುರಾತತ್ತ್ವ ಇಲಾಖೆ ಲಿಯಾನ್ ಲೆವಿ ಡಿಜಿಟಲ್ ಗ್ರಂಥಾಲಯದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಪರದೆಯ ಮೇಲೆ ದೊಡ್ಡದು ಮಾಡಿದರೆ ಚರ್ಮದ ಬಿರುಕೂ ಕಾಣುತ್ತದೆ. ಹೀಬ್ರೂ ಮೂಲಪಾಠಕ್ಕೆ ಸೆಫಾರಿಯಾ ಇದೆ. ಪದದ ಮೇಲೆ ಒತ್ತಿದರೆ ವ್ಯಾಕರಣ ಹೇಳುವ, ಕೇಂಬ್ರಿಜ್‌ನ ಟಿಂಡೇಲ್ ಹೌಸ್‌ನಲ್ಲಿ ರೂಪುಗೊಂಡ ಸ್ಟೆಪ್ ಬೈಬಲ್ ಕೂಡ ಉಚಿತ.

ಹಾಗಾದರೆ ನೇರ ತರಗತಿಗೆ ಹಣ ಯಾಕೆ? ನನ್ನ ಉತ್ತರ ಒಂದೇ: ತಿದ್ದಿಸಿಕೊಳ್ಳುವುದಕ್ಕೆ. ಹೀಬ್ರೂ ವಾಕ್ಯವನ್ನು ನೀವು ಗಟ್ಟಿಯಾಗಿ ಓದಿದಾಗ ಎಲ್ಲಿ ತಪ್ಪಿದಿರಿ ಎಂದು ಯೂಟ್ಯೂಬ್ ಹೇಳುವುದಿಲ್ಲ. ನಿಮ್ಮ ಪ್ರಬಂಧದ ವಾದ ಯಾವ ಸಾಲಿನಲ್ಲಿ ಕುಸಿಯಿತು ಎಂದು ಧ್ವನಿಮುದ್ರಿತ ಪಾಠ ಹೇಳುವುದಿಲ್ಲ. ಹೀಗಾಗಿ ಸಂಸ್ಥೆಯ ಹೆಸರು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ತರಗತಿಯಲ್ಲಿ ಎಷ್ಟು ಜನ ಇರುತ್ತಾರೆ ಎಂಬುದು. ಭಾಷಾ ತರಗತಿಯಲ್ಲಿ ಹತ್ತು ಹನ್ನೆರಡು ಜನ ಮೀರಿದರೆ ನಿಮ್ಮ ಸರದಿ ಬರುವ ಹೊತ್ತಿಗೆ ಗಂಟೆ ಮುಗಿದಿರುತ್ತದೆ. ಐವತ್ತು ಜನ ಮೈಕು ಆರಿಸಿ ಕೂರುವ ‘ನೇರ ತರಗತಿ’ ಹೆಸರಿಗಷ್ಟೇ ನೇರ. ಅದಕ್ಕಿಂತ ಉಚಿತ ಉಪನ್ಯಾಸವೇ ವಾಸಿ, ಬೇಕೆಂದಾಗ ನಿಲ್ಲಿಸಿ ಟಿಪ್ಪಣಿಯನ್ನಾದರೂ ಮಾಡಿಕೊಳ್ಳಬಹುದು.

ಮೊದಲು ಭಾಷೆ

ಮೂರರಲ್ಲಿ ಯಾವುದರಿಂದ ಶುರುಮಾಡಬೇಕು ಎಂದು ಕೇಳಿದರೆ ಭಾಷೆಯಿಂದ ಎನ್ನುತ್ತೇನೆ. ನೇರ ತರಗತಿಗೆ ಅತ್ಯಂತ ಹೊಂದುವ ವಿಷಯ ಅದು, ಮತ್ತು ಮುಂದಿನ ಎಲ್ಲ ಕೋರ್ಸುಗಳ ಬಾಗಿಲೂ ಅದೇ. ಉನ್ನತ ಮಟ್ಟದ ಪಠ್ಯವಾಚನ ತರಗತಿಗಳಿಗೆ ಒಂದು ವರ್ಷದ ಹೀಬ್ರೂ ಅಥವಾ ಗ್ರೀಕ್ ಮುಗಿಸಿರಬೇಕೆಂಬ ಷರತ್ತು ಸಾಮಾನ್ಯ.

ಹಳೆಯ ಒಡಂಬಡಿಕೆಯ ಬಹುಭಾಗ ಹೀಬ್ರೂ. ದಾನಿಯೇಲ ಮತ್ತು ಎಜ್ರ ಪುಸ್ತಕಗಳ ಕೆಲವು ಅಧ್ಯಾಯಗಳು ಅರಾಮಿಕ್. ಹೊಸ ಒಡಂಬಡಿಕೆಯ 27 ಪುಸ್ತಕಗಳೂ ಕೊಯ್ನೆ ಎಂಬ ಆಡುಗ್ರೀಕಿನಲ್ಲಿವೆ. ಇವು ಬರಿಯ ವ್ಯಾಕರಣದ ವಿಭಾಗಗಳಲ್ಲ. ಅದೇ ಸನ್ಹೇರೀಬನ ಮುತ್ತಿಗೆಯ ಕತೆಯಲ್ಲಿ ಅಸ್ಸೀರಿಯದ ಅಧಿಕಾರಿ ಗೋಡೆಯ ಕೆಳಗೆ ನಿಂತು ಬೆದರಿಕೆ ಹಾಕುತ್ತಾನೆ. ಹಿಜ್ಕೀಯನ ಅಧಿಕಾರಿಗಳು, ಅರಾಮಿಕ್‌ನಲ್ಲಿ ಮಾತಾಡಿ, ನಮಗೆ ಅರ್ಥವಾಗುತ್ತದೆ, ಗೋಡೆಯ ಮೇಲಿರುವ ಜನರಿಗೆ ಕೇಳಿಸುವಂತೆ ಅವರ ನುಡಿಯಲ್ಲಿ ಬೇಡ ಎಂದು ಬೇಡಿಕೊಳ್ಳುತ್ತಾರೆ. ಅವನು ಕೇಳುವುದಿಲ್ಲ, ಜನರ ನುಡಿಯಲ್ಲೇ ಇನ್ನೂ ಗಟ್ಟಿಯಾಗಿ ಕೂಗುತ್ತಾನೆ. ರಾಜತಂತ್ರಕ್ಕೊಂದು ಭಾಷೆ, ಬೀದಿಗೊಂದು ಭಾಷೆ! ಈ ಸನ್ನಿವೇಶ ಕನ್ನಡಿಗರಿಗೆ ವಿವರಣೆಯಿಲ್ಲದೆ ಅರ್ಥವಾಗುತ್ತದೆ.

ಹೀಬ್ರೂವಿನಲ್ಲಿ 22 ಅಕ್ಷರಗಳು, ಬಲದಿಂದ ಎಡಕ್ಕೆ ಬರವಣಿಗೆ. ಮೂಲದಲ್ಲಿ ವ್ಯಂಜನಗಳಷ್ಟೇ ಇದ್ದವು; ಸ್ವರಚಿಹ್ನೆಗಳನ್ನು ಮಸೋರಾ ಪರಂಪರೆಯ ವಿದ್ವಾಂಸರು ಬಹಳ ಶತಮಾನಗಳ ನಂತರ ಸೇರಿಸಿದರು. ತರಗತಿಗಳಲ್ಲಿ ಬಳಕೆಯಾಗುವ ಮುದ್ರಿತ ಪಾಠಕ್ಕೆ ಆಧಾರವಾದ ಲೆನಿನ್‌ಗ್ರಾಡ್ ಹಸ್ತಪ್ರತಿ ಸುಮಾರು ಕ್ರಿ.ಶ. 1008ರದು. ಮೂರು ವ್ಯಂಜನಗಳ ಧಾತುವಿನಿಂದ ಪದಗಳು ಕವಲೊಡೆಯುತ್ತವೆ. ಮದರಸಾದಲ್ಲಿ ಅರಬ್ಬಿ ಕಲಿತ ಬ್ಯಾರಿ ಅಥವಾ ಉರ್ದು ಮನೆಮಾತಿನ ಕನ್ನಡಿಗರಿಗೆ ಇದು ಅರ್ಧ ಗೊತ್ತಿರುವ ದಾರಿ. ಹೀಬ್ರೂ, ಅರಬ್ಬಿ ಎರಡೂ ಸೆಮಿಟಿಕ್ ಭಾಷೆಗಳು. ಧಾತುಗಳ ಹೋಲಿಕೆ, ಗಂಟಲಿನ ಆಳದಿಂದ ಬರುವ ಧ್ವನಿಗಳು ಅವರಿಗೆ ಮೊದಲ ವಾರವೇ ಕೈಹಿಡಿಯುತ್ತವೆ.

ಗ್ರೀಕ್ ಕಡೆ ಹೋದರೆ ಅನುಕೂಲ ಸಂಸ್ಕೃತ ಓದಿದವರ ಪಾಲಿಗೆ ಬರುತ್ತದೆ. ವಿಭಕ್ತಿ ಪ್ರತ್ಯಯ, ಲಿಂಗ, ವಚನ, ಪುರುಷ ಎಲ್ಲವೂ ಪರಿಚಿತ. ಇಂಗ್ಲಿಷ್ ಮಾತಾಡುವ ವಿದ್ಯಾರ್ಥಿಗಳು ತಲೆ ಚಚ್ಚಿಕೊಳ್ಳುವ ಮಧ್ಯಮ ಪ್ರಯೋಗವನ್ನು ಆತ್ಮನೇಪದ ಗೊತ್ತಿದ್ದವರು ಬೇಗ ಹಿಡಿಯುತ್ತಾರೆ. ಸಂಸ್ಕೃತ ಬಾರದಿದ್ದರೂ ಚಿಂತೆಯಿಲ್ಲ, ವಿಭಕ್ತಿ ಎಂದರೆ ಏನೆಂದು ಕನ್ನಡ ವ್ಯಾಕರಣ ಹೈಸ್ಕೂಲಿನಲ್ಲೇ ಕಲಿಸಿದೆ. ಹೊಸ ಒಡಂಬಡಿಕೆಯಲ್ಲಿ 50 ಸಲಕ್ಕಿಂತ ಹೆಚ್ಚು ಬರುವ ಪದಗಳು ಸುಮಾರು 310. ಅಷ್ಟನ್ನು ಬಾಯಿಪಾಠ ಮಾಡಿದರೆ ಇಡೀ ಪಠ್ಯದ ಐದರಲ್ಲಿ ನಾಲ್ಕು ಭಾಗದಷ್ಟು ಪದಗಳು ಕಣ್ಣಿಗೆ ಗುರುತು ಸಿಗುತ್ತವೆ. ಬಾಯಿಪಾಠ ಎಂದೊಡನೆ ಮೂಗು ಮುರಿಯುವವರಿಗೆ ಪ್ರಾಚೀನ ಭಾಷೆ ಒಲಿಯುವುದಿಲ್ಲ, ಇದನ್ನು ನೇರವಾಗಿಯೇ ಹೇಳಿಬಿಡುವುದು ಒಳ್ಳೆಯದು.

ಗ್ರೀಕ್ ಕಲಿತವರಿಗೆ ನಮ್ಮದೇ ಒಂದು ಬೋನಸ್ ಕಾದಿದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ 1896-97ರಿಂದ ಅಗೆದ ಪ್ರಾಚೀನ ಕಸದ ದಿಬ್ಬಗಳಿಂದ ಪಪೈರಸ್ ರಾಶಿ ರಾಶಿಯಾಗಿ ಬಂತು. ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದ ತುಣುಕು ಅಲ್ಲಿಯದು. 413ನೆಯ ಸಂಖ್ಯೆಯ ಪ್ರಹಸನವೂ ಅಲ್ಲಿಯದು, ಅದರ ಪಾತ್ರಗಳು ಆಡುವ ಅರ್ಥವಾಗದ ಮಾತುಗಳು ಕನ್ನಡವಿರಬಹುದೆಂದು 1904ರಲ್ಲಿ ಹುಲ್ಟ್ಸ್ ಸೂಚಿಸಿದ್ದು, ಆಮೇಲೆ ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದವರು ಚರ್ಚಿಸಿದ್ದು ನಮ್ಮಲ್ಲಿ ಪ್ರಸಿದ್ಧ. ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಪಪೈರಸ್ ಓದುವ ವಿಧಾನ ಕಲಿತ ಕನ್ನಡಿಗರು ಹೆಚ್ಚಿದರೆ ಈ ವಿಷಯದಲ್ಲಿ ಅಭಿಮಾನದ ಮಾತು ಕಡಿಮೆಯಾಗಿ ಪುರಾವೆಯ ಮಾತು ಹೆಚ್ಚೀತು.

ಪುರಾತತ್ತ್ವ: ಪರದೆಯ ಮಿತಿ

ಮಣ್ಣು ಪರದೆಯ ಮೇಲೆ ಬರುವುದಿಲ್ಲ. ಪದರದ ಬಣ್ಣ ಬದಲಾಗುವುದನ್ನು ಕರಣೆಯ ತುದಿಯಲ್ಲಿ ಗುರುತಿಸುವುದು, ಮಡಕೆಯ ಅಂಚಿನ ಚೂರನ್ನು ಬೆರಳಲ್ಲಿ ತಿರುಗಿಸಿ ಕಾಲ ಹೇಳುವುದು ಆನ್‌ಲೈನಿನಲ್ಲಿ ಬರುವ ವಿದ್ಯೆಯಲ್ಲ. ಆದರೆ ಉತ್ಖನನ ವರದಿ ಓದುವುದು, ವಾದಗಳನ್ನು ತೂಗುವುದು ಖಂಡಿತ ಬರುತ್ತದೆ, ಅದೇನು ಸಣ್ಣ ವಿದ್ಯೆಯೂ ಅಲ್ಲ.

ಅದಕ್ಕೆ ಒಳ್ಳೆಯ ಪರೀಕ್ಷೆ ದಾವೀದ-ಸೊಲೊಮೋನರ ರಾಜ್ಯ ನಿಜಕ್ಕೂ ಎಷ್ಟು ದೊಡ್ಡದಿತ್ತು ಎಂಬ ಪ್ರಶ್ನೆ. ಹಾಸೋರ್, ಮೆಗಿದ್ದೋ, ಗೆಜೆರ್‌ಗಳಲ್ಲಿ ಸಿಕ್ಕ ಆರು ಕೋಣೆಯ ಹೆಬ್ಬಾಗಿಲುಗಳು ಸೊಲೊಮೋನನವು ಎಂದು ಪುರಾತತ್ತ್ವಜ್ಞ ಯಿಗಾಯೆಲ್ ಯಾದೀನ್ ವಾದಿಸಿದ್ದರು. 1996ರಲ್ಲಿ ಇಸ್ರಾಯೆಲ್ ಫಿಂಕೆಲ್‌ಸ್ಟೈನ್, ಈ ಪದರಗಳ ಕಾಲವನ್ನು ಮುಂದಕ್ಕೆ ತಂದು ಕ್ರಿ.ಪೂ. 9ನೆಯ ಶತಮಾನಕ್ಕೆ, ಅಂದರೆ ಸೊಲೊಮೋನನ ನಂತರಕ್ಕೆ, ಇಡಬೇಕೆಂದರು. ಅಮಿಹಾಯ್ ಮಜಾರ್ ಪೂರ್ತಿ ಒಪ್ಪಲಿಲ್ಲ. ಇದಕ್ಕೂ ಮುಂಚೆ 1993ರಲ್ಲಿ ಟೆಲ್ ದಾನ್‌ನಲ್ಲಿ ಸಿಕ್ಕ ಅರಾಮಿಕ್ ಶಾಸನದ ತುಂಡಿನಲ್ಲಿ ದಾವೀದನ ಮನೆತನದ ಹೆಸರು ಕಾಣಿಸಿತು. ರಾಜವಂಶ ಇತ್ತು ಎನ್ನಲು ಅದು ಬಲವಾದ ಆಧಾರ. ರಾಜ್ಯ ಎಷ್ಟು ದೊಡ್ಡದಿತ್ತು ಎಂದು ಅದು ಹೇಳುವುದಿಲ್ಲ. ಫಿಂಕೆಲ್‌ಸ್ಟೈನ್ ಮತ್ತು ಮಜಾರ್ ಇಬ್ಬರ ಉಪನ್ಯಾಸಗಳನ್ನೂ ಅಕ್ಕಪಕ್ಕ ಇಟ್ಟು 2007ರಲ್ಲಿ ಬಂದ ‘ದಿ ಕ್ವೆಸ್ಟ್ ಫಾರ್ ದಿ ಹಿಸ್ಟಾರಿಕಲ್ ಇಸ್ರೇಲ್’ ತೆಳ್ಳಗಿನ ಪುಸ್ತಕ. ಕೋರ್ಸಿಗೆ ಸೇರುವ ಮೊದಲು ಒಂದೇ ಪುಸ್ತಕ ಓದುವುದಾದರೆ ಇದನ್ನು ಓದಿ. ಒಂದು ಕೋರ್ಸಿನ ಪಠ್ಯಸೂಚಿಯಲ್ಲಿ ಇಬ್ಬರಲ್ಲಿ ಒಬ್ಬರದಷ್ಟೇ ಹೆಸರಿದ್ದರೆ ಎರಡು ಸಲ ಯೋಚಿಸಿ.

ಅಗೆಯುವ ವಿಧಾನಕ್ಕೂ ಕರ್ನಾಟಕಕ್ಕೂ ಹತ್ತಿರದ ನಂಟಿದೆ. 1952ರಿಂದ 1958ರವರೆಗೆ ಯೆರಿಕೋವನ್ನು ಅಗೆದ ಕ್ಯಾಥ್ಲೀನ್ ಕೆನ್ಯನ್, ಮಾರ್ಟಿಮರ್ ವೀಲರ್ ಅವರ ಗರಡಿಯಲ್ಲಿ ಪಳಗಿದವರು. ಚೌಕಗಳಾಗಿ ಅಗೆದು ನಡುವೆ ಮಣ್ಣಿನ ಗೋಡೆ ಬಿಟ್ಟು ಪದರಗಳನ್ನು ಓದುವ ಪದ್ಧತಿಗೆ ಇಬ್ಬರ ಹೆಸರೂ ಸೇರಿದೆ. ಅದೇ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳನ್ನು ಅಗೆದರು. ಬ್ರಹ್ಮಗಿರಿಯ ವರದಿಯ ಛೇದಚಿತ್ರ ಓದಬಲ್ಲವರಿಗೆ ಯೆರಿಕೋದ ಛೇದಚಿತ್ರ ಅಪರಿಚಿತವೆನಿಸದು. ಕೆನ್ಯನ್ ಅಗೆದಾಗ, ಯೆರಿಕೋದ ಗೋಡೆ ಕುಸಿದುಬಿತ್ತೆನ್ನುವ ಯೆಹೋಶುವನ ಕತೆಗೆ ಸಾಮಾನ್ಯವಾಗಿ ಹೇಳುವ ಕಾಲದಲ್ಲಿ ಬೀಳಲು ಅಲ್ಲಿ ದೊಡ್ಡ ಕೋಟೆಗೋಡೆಯೇ ಸಿಗಲಿಲ್ಲ ಎಂಬುದು ಬೇರೆ ಮಾತು.

ಈ ಅಧ್ಯಯನ ಕ್ಷೇತ್ರದ ಹೆಸರೂ ವಿವಾದದ್ದೇ. ‘ಬೈಬಲ್ ಪುರಾತತ್ತ್ವ’ ಎಂದರೆ ಬೈಬಲನ್ನು ರುಜುವಾತು ಮಾಡಲು ಹೊರಟಂತೆ ಕಾಣುತ್ತದೆಂದು ಅನೇಕರು ಲೆವಾಂಟಿನ ಪುರಾತತ್ತ್ವ ಎನ್ನುತ್ತಾರೆ. ಅಮೆರಿಕದ ಒಂದು ಹಳೆಯ ಪತ್ರಿಕೆ 1998ರಲ್ಲಿ ‘ಬಿಬ್ಲಿಕಲ್ ಆರ್ಕಿಯಾಲಜಿಸ್ಟ್’ ಹೆಸರು ಬಿಟ್ಟು ‘ನಿಯರ್ ಈಸ್ಟರ್ನ್ ಆರ್ಕಿಯಾಲಜಿ’ ಎಂದಾಯಿತು. ಕೋರ್ಸಿನ ಶೀರ್ಷಿಕೆ ನೋಡಿದರೇ ವಿಭಾಗದ ಒಲವು ಅಂದಾಜಾಗುತ್ತದೆ. ನಕಲಿ ವಸ್ತುಗಳ ಬಗ್ಗೆ ಪಾಠವಿದೆಯೇ ಎಂಬುದನ್ನೂ ನೋಡಿ. ವಾಷಿಂಗ್ಟನ್ನಿನ ಮ್ಯೂಸಿಯಂ ಆಫ್ ದಿ ಬೈಬಲ್‌ನಲ್ಲಿದ್ದ ಮೃತ ಸಮುದ್ರದ ಸುರುಳಿಯ 16 ತುಣುಕುಗಳೂ ನಕಲಿ ಎಂದು 2020ರಲ್ಲಿ ತನಿಖೆಯಿಂದ ಹೊರಬಂತು. ಎಲ್ಲಿ ಸಿಕ್ಕಿತು, ಯಾರ ಕೈದಾಟಿ ಬಂತು ಎಂದು ಕೇಳಲು ಕಲಿಸದ ಪುರಾತತ್ತ್ವ ಕೋರ್ಸಿಗೆ ಹಣ ಕೊಡುವುದು ದಂಡ.

ಅಗೆಯುವ ಆಸೆಯಿದ್ದವರಿಗೆ ಬೇಸಿಗೆಯಲ್ಲಿ ಸ್ವಯಂಸೇವಕರನ್ನು ಸೇರಿಸಿಕೊಳ್ಳುವ ಉತ್ಖನನಗಳಿವೆ, ಕೆಲವು ಕಡೆ ಅದಕ್ಕೂ ಕ್ರೆಡಿಟ್ ಸಿಗುತ್ತದೆ. 2023ರ ಅಕ್ಟೋಬರ್ ನಂತರ ಇಸ್ರೇಲಿನಲ್ಲಿ ಯುದ್ಧದಿಂದಾಗಿ ಅನೇಕ ಋತುಗಳು ರದ್ದಾದವು. ಪದವಿಗೆ ಕ್ಷೇತ್ರಕಾರ್ಯ ಕಡ್ಡಾಯವಿದ್ದರೆ, ಪ್ರವಾಸ ರದ್ದಾದಾಗ ಪರ್ಯಾಯವೇನು ಎಂದು ಮೊದಲೇ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ಸಂಸ್ಥೆ, ಶ್ರದ್ಧೆ, ಮಾನ್ಯತೆ

ಇದನ್ನು ಕಲಿಸುವ ಸಂಸ್ಥೆಗಳು ಸ್ಥೂಲವಾಗಿ ಎರಡು ಬಗೆ. ಯೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾಲಯ, ಟೆಲ್ ಅವೀವ್, ಬಾರ್-ಇಲಾನ್‌ನಂಥವು ವಿದ್ಯಾರ್ಥಿಯ ನಂಬಿಕೆ ಕೇಳುವುದಿಲ್ಲ. ಇನ್ನೊಂದು ಬಗೆ ಕ್ರೈಸ್ತ ನೆಲೆಯವು. 1957ರಲ್ಲಿ ಶುರುವಾಗಿ ಚೀಯೋನ್ ಬೆಟ್ಟದ ಮೇಲೆ ನೆಲೆಸಿರುವ ಜೆರುಸಲೇಮ್ ಯೂನಿವರ್ಸಿಟಿ ಕಾಲೇಜ್ ಮತ್ತು ಅಮೆರಿಕದ ಅನೇಕ ಸೆಮಿನರಿಗಳು ಈ ಸಾಲಿನವು. ಕೆಲವು ಸೆಮಿನರಿಗಳಲ್ಲಿ ಪ್ರವೇಶಕ್ಕೆ ವಿಶ್ವಾಸಪ್ರಮಾಣಕ್ಕೆ ಸಹಿ ಬೇಕು, ಪಾದ್ರಿಯ ಶಿಫಾರಸು ಬೇಕು. ಇದರಲ್ಲಿ ಮುಚ್ಚುಮರೆಯಿಲ್ಲ, ಅರ್ಜಿಯಲ್ಲೇ ಇರುತ್ತದೆ. ಓದದೆ ಹಣ ಕಟ್ಟಿ ಆಮೇಲೆ ಗೊಣಗುವವರೇ ಹೆಚ್ಚು. ಶ್ರದ್ಧೆಯ ನೆಲೆಯಲ್ಲೂ ಕಟ್ಟುನಿಟ್ಟಿನ ವಿದ್ವತ್ತು ನಡೆಯುತ್ತದೆ, ಸೆಕ್ಯುಲರ್ ವಿಭಾಗದಲ್ಲೂ ಸಡಿಲ ಪಾಠ ಇರುತ್ತದೆ. ಪಠ್ಯಸೂಚಿಯೇ ನಿಜವಾದ ಗುರುತು.

ಪದವಿ ನೌಕರಿಗೆ ಬೇಕಾದರೆ ಹುಷಾರಾಗಿರಿ. ವಿದೇಶಿ ಪದವಿಗಳ ಸಮಾನತೆಗೆ ಯುಜಿಸಿ 2025ರಲ್ಲಿ ಹೊಸ ನಿಯಮ ತಂದಿದೆ. ಆನ್‌ಲೈನಿನಲ್ಲಿ ಪಡೆದ ಪದವಿಗೆ ತಾನಾಗಿಯೇ ಮಾನ್ಯತೆ ಬರುತ್ತದೆಂದು ನಂಬಿ ಕೂರಬೇಡಿ, ಸೇರುವ ಮುಂಚೆ ಲಿಖಿತ ಉತ್ತರ ಪಡೆಯಿರಿ. ಸಭೆಯ ಸೇವೆಗೆ ಅಥವಾ ನಮ್ಮ ದೈವಶಾಸ್ತ್ರ ಕಾಲೇಜುಗಳಲ್ಲಿ ಕಲಿಸುವುದಕ್ಕೆ ಸೆರಾಂಪುರ ಕಾಲೇಜಿನ ಸೆನೆಟ್‌ನ ಪದವಿಗೇ ಮನ್ನಣೆ ಹೆಚ್ಚು. ಅದಕ್ಕೆ 1910ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜ್, ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜ್ ಹತ್ತಿರದಲ್ಲೇ ಇವೆ. ಸಿರಿಯಾಕ್ ಭಾಷೆ ಬೇಕೆನ್ನುವವರು ಕೊಟ್ಟಾಯಂನ ಸೀರಿ (SEERI) ಸಂಸ್ಥೆಯನ್ನು ವಿಚಾರಿಸಬಹುದು. ಹೀಗಾಗಿ ಬಹಳ ಜನರಿಗೆ ನನ್ನ ಸಲಹೆ: ಪೂರ್ತಿ ಪದವಿಯ ಹಂಬಲ ಬಿಟ್ಟು ಒಂದೊಂದೇ ಕೋರ್ಸ್ ತೆಗೆದುಕೊಳ್ಳಿ. ಪರೀಕ್ಷೆಯಿಲ್ಲದೆ ಕೂರುವ ‘ಆಡಿಟ್’ ಅಗ್ಗ, ಆದರೆ ಆಡಿಟ್ ವಿದ್ಯಾರ್ಥಿಯ ಹೋಂವರ್ಕನ್ನು ತಿದ್ದಿಕೊಡುತ್ತಾರೆಯೇ ಎಂದು ಕೇಳಿ. ಇಲ್ಲವೆಂದರೆ ಮತ್ತೆ ಯೂಟ್ಯೂಬಿಗೇ ಬಂದಂತಾಯಿತು.

ಗಡಿಯಾರ ಮತ್ತು ಬ್ಯಾಂಕು

ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಂಜೆ 7ರ ತರಗತಿ ನಮಗೆ ಚಳಿಗಾಲದಲ್ಲಿ ಮರುದಿನ ಬೆಳಗಿನ 5.30, ಬೇಸಿಗೆಯಲ್ಲಿ 4.30. ಯೆರೂಸಲೇಮಿನ ಮಧ್ಯಾಹ್ನ 4ರ ತರಗತಿ ನಮಗೆ ಚಳಿಗಾಲದಲ್ಲಿ ಸಂಜೆ 7.30, ಬೇಸಿಗೆಯಲ್ಲಿ 6.30; ಕೆಲಸಕ್ಕೆ ಹೋಗುವವರಿಗೆ ಹೇಳಿ ಮಾಡಿಸಿದಂಥ ಸಮಯ. ಅಲ್ಲಿ ಭಾನುವಾರ ಪಾಠದ ದಿನ, ಶನಿವಾರ ರಜೆ, ಇದನ್ನು ಪಾದ್ರಿಗಳು ವಿಶೇಷವಾಗಿ ಗಮನಿಸಬೇಕು. ಗಡಿಯಾರ ಬದಲಿಸುವ ದಿನ ಎರಡೂ ದೇಶಗಳಲ್ಲಿ ಬೇರೆ ಬೇರೆ; ಮಾರ್ಚ್ ತಿಂಗಳಲ್ಲಿ ತರಗತಿ ತಪ್ಪಿಸಿಕೊಳ್ಳುವವರು ಇದಕ್ಕೇ ತಪ್ಪಿಸಿಕೊಳ್ಳುತ್ತಾರೆ.

ಅಮೆರಿಕದ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಒಂದು ಗಂಟೆ ತರಗತಿ, ಕನಿಷ್ಠ ಎರಡು ಗಂಟೆ ಹೋಂವರ್ಕ್. ಮೂರು ಕ್ರೆಡಿಟ್ಟಿನ ಕೋರ್ಸು ವಾರಕ್ಕೆ ಒಂಬತ್ತು ಗಂಟೆ ತಿನ್ನುತ್ತದೆ, ಸುಮಾರು 15 ವಾರ. ಪೂರ್ಣಾವಧಿ ಕೆಲಸದಲ್ಲಿರುವವರು ಒಂದು ಸೆಮಿಸ್ಟರಿಗೆ ಒಂದಕ್ಕಿಂತ ಹೆಚ್ಚು ಭಾಷಾ ಕೋರ್ಸ್ ಹಿಡಿಯುವುದು ಹುಚ್ಚಾಟ.

ಒಂದು ಕ್ರೆಡಿಟ್ಟಿನ ದರವನ್ನು ಕ್ರೆಡಿಟ್‌ಗಳ ಸಂಖ್ಯೆಯಿಂದ ಗುಣಿಸಿ ನೋಡಿ, ಅದರ ಮೇಲೆ ಅರ್ಜಿ ಶುಲ್ಕ, ತಂತ್ರಜ್ಞಾನ ಶುಲ್ಕ, ಅಂಕಪಟ್ಟಿ ಕಳಿಸುವ ಖರ್ಚು, ಬ್ಯಾಂಕಿನ ವಿನಿಮಯ ಶುಲ್ಕ ಸೇರಿಸಿ. ಹಣ ಕಳಿಸುವಾಗ ಬ್ಯಾಂಕಿನ ಫಾರಂನಲ್ಲಿ ಉದ್ದೇಶ ಶಿಕ್ಷಣ ಎಂದು ಸರಿಯಾಗಿ ನಮೂದಿಸಿ. ವಿದೇಶಕ್ಕೆ ಕಳಿಸುವ ಹಣ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರಷ್ಟೇ ಟಿಸಿಎಸ್ ಎಂಬ ತೆರಿಗೆಯ ಪ್ರಶ್ನೆ ಬರುತ್ತದೆ. ಒಂದು ಕೋರ್ಸಿನವರಿಗೆ ಆ ತಲೆನೋವಿಲ್ಲ. ಬಿಟ್ಟುಹೋದರೆ ಎಷ್ಟು ದಿನದೊಳಗೆ ಹಣ ವಾಪಸು, ದೂರದ ವಿದ್ಯಾರ್ಥಿಗೆ ಡಿಜಿಟಲ್ ಗ್ರಂಥಾಲಯ ತೆರೆದಿರುತ್ತದೆಯೇ, ಇವೆರಡನ್ನು ಮರೆಯದೆ ಕೇಳಿ. ಗ್ರಂಥಾಲಯವಿಲ್ಲದ ಸ್ನಾತಕೋತ್ತರ ಕೋರ್ಸಿಗೆ ಅರ್ಥವಿಲ್ಲ.

ಸಲಕರಣೆ ಹೆಚ್ಚೇನಿಲ್ಲ: ಒಳ್ಳೆಯ ಹೆಡ್‌ಫೋನ್, ಕರೆಂಟು ಹೋದರೆ ಇಂಟರ್ನೆಟ್ ಉಳಿಸುವ ಬ್ಯಾಟರಿ, ಉಚಿತವಾಗಿ ಸಿಗುವ ಹೀಬ್ರೂ ಮತ್ತು ಗ್ರೀಕ್ ಫಾಂಟ್‌ಗಳು. ಬರೆದ ಅಕ್ಷರವನ್ನು ಗುರುಗಳಿಗೆ ತೋರಿಸಲು ಹಳೆಯ ಫೋನನ್ನು ಮೇಜಿನ ಮೇಲೆ ಎರಡನೆಯ ಕ್ಯಾಮೆರಾ ಮಾಡಿಕೊಳ್ಳಿ.

ಅರ್ಜಿ ಹಾಕುವ ಮುಂಚೆ ಒಂದು ತಿಂಗಳು ಬಿಡುವು ಮಾಡಿಕೊಂಡು ಹೀಬ್ರೂವಿನ 22 ಅಕ್ಷರ ಬರೆಯಲು ಕಲಿಯಿರಿ, ಯೇಲ್‌ನ ನಾಲ್ಕಾರು ಪಾಠ ಕೇಳಿ, ಅರಸುಗಳ ಎರಡನೆಯ ಭಾಗದ 18 ಮತ್ತು 19ನೆಯ ಅಧ್ಯಾಯಗಳನ್ನು ಕನ್ನಡದಲ್ಲೇ ಓದಿ. ಆಮೇಲೂ ಕುತೂಹಲ ಉಳಿದಿದ್ದರೆ ಸಂಸ್ಥೆಗೆ ಬರೆದು ಒಂದು ತರಗತಿಯಲ್ಲಿ ಸುಮ್ಮನೆ ಕೂತು ನೋಡಲು ಅವಕಾಶ ಕೇಳಿ. ಒಪ್ಪುವ ಸಂಸ್ಥೆಗಳಿವೆ.